ಉಪ್ಪುನೀರಿನಿಂದ ಗ್ಲೈಸೀನನ್ನು ಹರಳಾಗಿ ತೆಗೆಯುವ ಬಗೆ

ಅಮೈನೋ ಆಮ್ಲಗಳನ್ನು ಸಂಶ್ಲೇಷಿಸುವ ವಿಧಾನಗಳನ್ನು ಪಠ್ಯಪುಸ್ತಕಗಳು ವಿವರವಾಗಿಯೇ ಹೇಳುತ್ತವೆ. ಕ್ರಿಯೆ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿಯುವ ದ್ರಾವಣದ ಮಾತು ಬಂದಾಗ ಮಾತ್ರ, ಹರಳುಗಟ್ಟಿಸಿ ಶುದ್ಧೀಕರಿಸಬೇಕು ಎಂಬ ಒಂದು ಸಾಲಿನಲ್ಲಿ ವಿಷಯವನ್ನು ಮುಗಿಸಿಬಿಡುತ್ತವೆ. ರಸಾಯನಶಾಸ್ತ್ರವನ್ನು ಕಲಿಸುತ್ತ, ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳ ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತ ಬಂದಿರುವ ನನಗೆ, ಕಲಿಯಬೇಕಾದ ಬಹುಪಾಲು ಸಂಗತಿ ಆ ಒಂದು ಸಾಲಿನೊಳಗೇ ಇದೆ ಎಂದು ಬಲವಾಗಿ ಅನ್ನಿಸುತ್ತದೆ. ಆದ್ದರಿಂದ ಈ ಬರಹದಲ್ಲಿ ಅಮೈನೋ ಆಮ್ಲಗಳ ಪೈಕಿ ಅತ್ಯಂತ ಸರಳವಾದ ಗ್ಲೈಸೀನನ್ನು ತೆಗೆದುಕೊಂಡು, ನೀರಿನಲ್ಲಿ ಅದರೊಡನೆ ಕರಗಿರುವ ಅಡುಗೆ ಉಪ್ಪಿನಿಂದ ಅದನ್ನು ಹರಳುಗಟ್ಟಿಸಿ ಬೇರ್ಪಡಿಸುವುದು ಹೇಗೆ ಎಂಬುದನ್ನು ಲೆಕ್ಕಸಹಿತ ಬರೆಯುತ್ತಿದ್ದೇನೆ.

ಇಂಥ ಮಿಶ್ರಣ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಹೇಳಬೇಕು. ಸ್ಟ್ರೆಕರ್ ವಿಧಾನದಲ್ಲಿ ಫಾರ್ಮಾಲ್ಡಿಹೈಡ್, ಅಮೋನಿಯಾ ಮತ್ತು ಹೈಡ್ರೋಜನ್ ಸಯನೈಡುಗಳಿಂದ ಗ್ಲೈಸಿನೋನೈಟ್ರೈಲ್ ದೊರೆಯುತ್ತದೆ; ಅದನ್ನು ಸೋಡಿಯಂ ಹೈಡ್ರಾಕ್ಸೈಡಿನೊಡನೆ ಕಾಯಿಸಿ ಜಲವಿಭಜನೆ ಮಾಡಿದರೆ ಸೋಡಿಯಂ ಗ್ಲೈಸಿನೇಟ್ ಉಳಿಯುತ್ತದೆ. ಅದನ್ನು ಗ್ಲೈಸೀನ್ ಆಗಿಸಲು ಆಮ್ಲ ಹಾಕಿ ತಟಸ್ಥಗೊಳಿಸಲೇಬೇಕು. ಹಾಕಿದ್ದು ಹೈಡ್ರೋಕ್ಲೋರಿಕ್ ಆಮ್ಲವಾದರೆ ಪ್ರತಿ ಒಂದು ಮೋಲ್ ಗ್ಲೈಸೀನಿಗೆ, ಎಂದರೆ 75 ಗ್ರಾಮಿಗೆ, ಒಂದು ಮೋಲ್ ಸೋಡಿಯಂ ಕ್ಲೋರೈಡ್, ಎಂದರೆ 58.4 ಗ್ರಾಂ ಉಪ್ಪು, ಅದೇ ನೀರಿನಲ್ಲಿ ಸೇರಿಕೊಳ್ಳುತ್ತದೆ. ತೂಕದಲ್ಲಿ ನೋಡಿದರೆ ಕರಗಿರುವುದರಲ್ಲಿ ಶೇಕಡಾ 44ರಷ್ಟು ಉಪ್ಪೇ. ಇದನ್ನು ಚಿಲ್ಲರೆ ಕಲ್ಮಶ ಎಂದು ಕಡೆಗಣಿಸುವಂತಿಲ್ಲ.

ಈ ಎರಡು ವಸ್ತುಗಳ ಸ್ವಭಾವ ಬಹಳ ಹತ್ತಿರದ್ದು. ಗ್ಲೈಸೀನ್ ಸಾವಯವ ಸಂಯುಕ್ತವಾದರೂ ನೀರಿನಲ್ಲಿ ಅದರ ಆಮ್ಲದ ತುದಿ ಪ್ರೋಟಾನನ್ನು ಬಿಟ್ಟುಕೊಟ್ಟು ಋಣ ಆವೇಶವನ್ನು ಪಡೆದಿರುತ್ತದೆ, ಅಮೈನೋ ತುದಿ ಪ್ರೋಟಾನನ್ನು ಸ್ವೀಕರಿಸಿ ಧನ ಆವೇಶವನ್ನು ಪಡೆದಿರುತ್ತದೆ. ಒಂದೇ ಅಣುವಿನೊಳಗೆ ಎರಡೂ ಆವೇಶಗಳಿರುವ ಈ ಜ್ವಿಟ್ಟರ್ ಅಯಾನು, ತನ್ನ ನಡವಳಿಕೆಯಲ್ಲಿ ಲವಣವನ್ನೇ ಹೋಲುತ್ತದೆ. ಉಪ್ಪಿನಂತೆ ಅದಕ್ಕೂ ನೀರೆಂದರೆ ಪ್ರೀತಿ, ಈಥರ್, ಕ್ಲೋರೋಫಾರ್ಮ್‌ಗಳೆಂದರೆ ದೂರ. ಉಪ್ಪಿನಂತೆ ಅದೂ ಆವಿಯಾಗುವುದಿಲ್ಲ; ಸುಮಾರು 233 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುವ ಬದಲು ಕರಕಾಗಿ ಒಡೆದುಹೋಗುತ್ತದೆ. ಹೀಗಾಗಿ ಬಟ್ಟಿ ಇಳಿಸುವ ದಾರಿಯೂ, ಬೇರೆ ದ್ರಾವಕದಿಂದ ಹಿಂಡಿ ತೆಗೆಯುವ ದಾರಿಯೂ ಇಲ್ಲಿ ಮುಚ್ಚಿಹೋಗಿವೆ. ಎಥನಾಲ್ ಸೇರಿಸಿದರೆ ಗ್ಲೈಸೀನ್ ಹೊರಬೀಳುತ್ತದಲ್ಲ ಎಂದು ವಿದ್ಯಾರ್ಥಿಗಳು ಉತ್ಸಾಹದಿಂದ ಕೇಳುವುದುಂಟು. ಬೀಳುತ್ತದೆ, ಆದರೆ ದ್ರಾವಣದಲ್ಲಿ ಇಷ್ಟೊಂದು ಉಪ್ಪಿರುವಾಗ ಅದರ ಬೆನ್ನಿಗೇ ಉಪ್ಪೂ ಬೀಳುತ್ತದೆ, ಏಕೆಂದರೆ ಎಥನಾಲಿನಲ್ಲಿ ಅದೂ ಕರಗದು. ಎರಡನ್ನೂ ಒಟ್ಟಿಗೆ ಕೆಡವುವ ದ್ರಾವಕದಿಂದ ಬೇರ್ಪಡಿಸುವ ಕೆಲಸ ಆಗುವುದಿಲ್ಲ.

ಬಿಸಿ ಮಾಡಿದಾಗ ಮಾತ್ರ ಇವುಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. 100 ಗ್ರಾಂ ನೀರಿನಲ್ಲಿ ಸೊನ್ನೆ ಡಿಗ್ರಿಯಲ್ಲಿ ಸುಮಾರು 14.2 ಗ್ರಾಂ, 25 ಡಿಗ್ರಿಯಲ್ಲಿ 25 ಗ್ರಾಂ, 50 ಡಿಗ್ರಿಯಲ್ಲಿ 39 ಗ್ರಾಂ, 75 ಡಿಗ್ರಿಯಲ್ಲಿ 54 ಗ್ರಾಂ, 100 ಡಿಗ್ರಿಯಲ್ಲಿ 67 ಗ್ರಾಂ ಗ್ಲೈಸೀನ್ ಕರಗುತ್ತದೆ. ಉಪ್ಪು ಅದೇ ನೀರಿನಲ್ಲಿ ಸೊನ್ನೆ ಡಿಗ್ರಿಯಲ್ಲಿ 35.7 ಗ್ರಾಂ, 25 ಡಿಗ್ರಿಯಲ್ಲಿ 36 ಗ್ರಾಂ, 100 ಡಿಗ್ರಿಯಲ್ಲಿ 39 ಗ್ರಾಂ ಕರಗುತ್ತದೆ. ಒಂದರ ವಿಲೀನತೆ ನೀರು ಹಿಮದಷ್ಟು ತಣ್ಣಗಿರುವಾಗಿನಿಂದ ಕುದಿಯುವ ಹೊತ್ತಿಗೆ ನಾಲ್ಕು ಪಟ್ಟಿಗೂ ಮೀರಿ ಏರುತ್ತದೆ. ಇನ್ನೊಂದರದು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಈ ಅಂಕಿಗಳನ್ನು ಒಂದು ಹಾಳೆಯ ಮೇಲೆ ರೇಖೆಗಳಾಗಿ ಎಳೆದರೆ ಉಪ್ಪಿನ ಗೆರೆ ಬಹುತೇಕ ಅಡ್ಡಲಾಗಿ ಮಲಗಿರುತ್ತದೆ, ಗ್ಲೈಸೀನಿನ ಗೆರೆ ಕೆಳಗಿನಿಂದ ಬಂದು ಸುಮಾರು 45 ಡಿಗ್ರಿಯ ಆಸುಪಾಸಿನಲ್ಲಿ ಅದನ್ನು ದಾಟಿ ಮೇಲೇರುತ್ತದೆ. ತಣ್ಣಗಿನ ನೀರಿನಲ್ಲಿ ಗ್ಲೈಸೀನ್ ಬಡವ, ಬಿಸಿನೀರಿನಲ್ಲಿ ಉಪ್ಪು ಬಡವ. ಮುಂದಿನ ಎಲ್ಲ ಕೆಲಸವೂ ಈ ದಾಟುವಿಕೆಯ ಮೇಲೆಯೇ ನಿಂತಿದೆ.

ಇದಕ್ಕೆ ಕಾರಣ ಕರಗುವಾಗ ಹೀರಿಕೊಳ್ಳುವ ಉಷ್ಣದಲ್ಲಿದೆ. ಒಂದು ಮೋಲ್ ಉಪ್ಪು ನೀರಿನಲ್ಲಿ ಕರಗಲು ಸುಮಾರು 3.9 ಕಿಲೋಜೂಲ್ ಉಷ್ಣವನ್ನು ಎಳೆದುಕೊಂಡರೆ, ಗ್ಲೈಸೀನ್ ಸುಮಾರು 14 ಕಿಲೋಜೂಲ್ ಎಳೆದುಕೊಳ್ಳುತ್ತದೆ. ಬೀಕರಿನಲ್ಲಿ ನೀರು ತೆಗೆದುಕೊಂಡು ದೊಡ್ಡ ಚಮಚದಷ್ಟು ಗ್ಲೈಸೀನ್ ಹಾಕಿ ಕಲಕಿದರೆ, ಗಾಜಿನ ಗೋಡೆ ಅಂಗೈಗೆ ತಣ್ಣಗಾಗುವುದು ಸ್ಪಷ್ಟವಾಗಿ ತಿಳಿಯುತ್ತದೆ. ಉಪ್ಪು ಹಾಕಿದಾಗ ಆ ತಂಪು ಗಮನಕ್ಕೆ ಬರುವುದೇ ಕಷ್ಟ. ಕರಗಲು ಹೆಚ್ಚು ಉಷ್ಣವನ್ನು ಬೇಡುವ ವಸ್ತುವಿನ ವಿಲೀನತೆ ಉಷ್ಣತೆಯ ಜೊತೆಗೆ ಹೆಚ್ಚು ಏರುತ್ತದೆ ಎಂಬ ನಿಯಮವನ್ನು ಕೈಯಿಂದಲೇ ಮುಟ್ಟಿ ನೋಡಬಹುದಾದ ಇಂಥ ಉದಾಹರಣೆಗಳು ಹೆಚ್ಚಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳಲ್ಲಿ ಸಮುದ್ರದ ನೀರನ್ನು ಬಿಸಿಲಿಗೆ ಹರಡಿ ಒಣಗಿಸಿಯೇ ಉಪ್ಪು ತೆಗೆಯುತ್ತಾರೆ. ಉಪ್ಪಿನ ಗೆರೆ ಹೀಗೆ ಮಲಗಿರುವುದರಿಂದ ನೀರನ್ನು ಕಳೆಯದೆ ಬರಿದೇ ತಣಿಸಿ ಅದನ್ನು ಹರಳಾಗಿಸುವುದು ಲಾಭದ ಮಾತಲ್ಲ.

ಈಗ ಲೆಕ್ಕಕ್ಕೆ ಬರೋಣ. ಕೈಯಲ್ಲಿ 75 ಗ್ರಾಂ ಗ್ಲೈಸೀನ್ ಮತ್ತು 58.4 ಗ್ರಾಂ ಉಪ್ಪು ಇರುವ ದ್ರಾವಣವಿದೆ ಎಂದಿಟ್ಟುಕೊಳ್ಳಿ. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಎಷ್ಟು ನೀರನ್ನು ಉಳಿಸಬೇಕು? ಸೊನ್ನೆ ಡಿಗ್ರಿಗೆ ತಣಿಸಿದಾಗಲೂ ಉಪ್ಪು ಪೂರ್ತಿಯಾಗಿ ಕರಗಿಯೇ ಇರಬೇಕಾದರೆ, 58.4 ಗ್ರಾಮಿಗೆ ಸುಮಾರು 164 ಗ್ರಾಂ ನೀರು ಬೇಕು. ತುಸು ಅಂತರವಿರಲಿ ಎಂದು 170 ಗ್ರಾಂ ನೀರನ್ನು ಉಳಿಸಿಕೊಳ್ಳೋಣ. ಇಷ್ಟು ನೀರಿನಲ್ಲಿ ಕುದಿಯುವ ಬಿಸಿಯಲ್ಲಿ ಎರಡೂ ನಿರಾಯಾಸವಾಗಿ ಕರಗಿರುತ್ತವೆ. ಅದನ್ನು ನಿಧಾನವಾಗಿ ಸೊನ್ನೆ ಡಿಗ್ರಿಯವರೆಗೆ ತಣಿಸಿದರೆ ನೀರು ಹಿಡಿದಿಟ್ಟುಕೊಳ್ಳಬಲ್ಲ ಗ್ಲೈಸೀನ್ ಕೇವಲ 24 ಗ್ರಾಂ. ಮಿಕ್ಕ 51 ಗ್ರಾಂ ಹರಳಾಗಿ ತಳಕ್ಕೆ ಬರುತ್ತದೆ, ಉಪ್ಪಿನ ಒಂದು ಹರಳೂ ಅದರೊಡನೆ ಬರಬೇಕಾದ ಕಾರಣವಿಲ್ಲ. ಮೊದಲ ಸುತ್ತಿನಲ್ಲೇ ಮೂರನೆಯ ಎರಡು ಪಾಲು ಗ್ಲೈಸೀನ್ ಕೈಗೆ ಸಿಕ್ಕಂತಾಯಿತು.

ಹರಳನ್ನು ಸೋಸಿ ತೆಗೆದ ಮೇಲೆ ಉಳಿದ ತಾಯಿದ್ರಾವಣದಲ್ಲಿ 24 ಗ್ರಾಂ ಗ್ಲೈಸೀನ್, 58.4 ಗ್ರಾಂ ಉಪ್ಪು, 170 ಗ್ರಾಂ ನೀರು ಇವೆ. ಇನ್ನು ಇದನ್ನು ತಣಿಸಿ ಪ್ರಯೋಜನವಿಲ್ಲ. ಈಗ ಉಪ್ಪಿನ ಸರದಿ. ದ್ರಾವಣವನ್ನು ಕುದಿಸುತ್ತ ನೀರನ್ನು 60 ಗ್ರಾಮಿಗೆ ಇಳಿಸಿದರೆ, ಆ ಬಿಸಿಯಲ್ಲಿ ಅಷ್ಟು ನೀರು 40 ಗ್ರಾಂ ಗ್ಲೈಸೀನನ್ನು ಹಿಡಿದುಕೊಳ್ಳಬಲ್ಲದಾದ್ದರಿಂದ ಇರುವ 24 ಗ್ರಾಂ ಪೂರ್ತಿ ಕರಗಿಯೇ ಇರುತ್ತದೆ. ಉಪ್ಪಿಗೆ ಮಾತ್ರ 23.5 ಗ್ರಾಮಿನಷ್ಟೇ ಜಾಗವಿರುವುದರಿಂದ ಸುಮಾರು 35 ಗ್ರಾಂ ಹೊರಬೀಳುತ್ತದೆ. ಆ ಉಪ್ಪನ್ನು ಬಿಸಿ ಆರುವ ಮೊದಲೇ ಸೋಸಿಬಿಡಬೇಕು. ಸೋಸಿದ ದ್ರಾವಣವನ್ನು ಹಾಗೆಯೇ ಸೊನ್ನೆ ಡಿಗ್ರಿಗೆ ತಣಿಸಿದರೆ ಎರಡು ಗ್ರಾಮಿನಷ್ಟು ಉಪ್ಪು ಗ್ಲೈಸೀನಿನೊಡನೆ ಬೆರೆತು ಬೀಳುತ್ತದೆ, ಏಕೆಂದರೆ ಮಲಗಿದ ಗೆರೆಯಾದರೂ ಅದಕ್ಕೂ ಒಂದಿಷ್ಟು ಇಳಿಜಾರು ಇದೆ. ಅದನ್ನು ತಡೆಯಲು ತಣಿಸುವ ಮೊದಲು ಆರು ಏಳು ಗ್ರಾಂ ನೀರನ್ನು ಮತ್ತೆ ಸೇರಿಸಬೇಕು. ಕಷ್ಟಪಟ್ಟು ಕುದಿಸಿ ಕಳೆದ ನೀರನ್ನು ಮತ್ತೆ ಹಾಕುವುದು ವಿಚಿತ್ರವೆಂದು ಮೊದಲ ಸಲ ಮಾಡುವವರಿಗೆ ಅನ್ನಿಸುತ್ತದೆ, ಆದರೆ ಇಡೀ ಕ್ರಮದಲ್ಲಿ ಇಷ್ಟು ಸಣ್ಣದಾಗಿದ್ದು ಇಷ್ಟು ಮುಖ್ಯವಾದ ಹೆಜ್ಜೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಹೀಗೆ ಮಾಡಿದರೆ ಎರಡನೆಯ ಸುತ್ತಿನಲ್ಲಿ 14 ರಿಂದ 15 ಗ್ರಾಂ ಗ್ಲೈಸೀನ್ ದೊರೆಯುತ್ತದೆ. ಎರಡೂ ಸುತ್ತು ಸೇರಿ ಶೇಕಡಾ 87ರಷ್ಟು ವಸೂಲಾಗುತ್ತದೆ.

ಈ ಲೆಕ್ಕ ಎರಡೂ ವಸ್ತುಗಳು ಬೇರೆಬೇರೆಯಾಗಿ ಶುದ್ಧ ನೀರಿನಲ್ಲಿ ಕರಗುವ ಅಂಕಿಗಳನ್ನು ಆಧರಿಸಿದ್ದು ಎಂಬುದನ್ನು ಮರೆಯಬಾರದು. ವಾಸ್ತವದಲ್ಲಿ ಅವು ಒಟ್ಟಿಗಿರುವಾಗ ಒಂದರ ವಿಲೀನತೆಯ ಮೇಲೆ ಇನ್ನೊಂದರ ಪ್ರಭಾವ ಇದ್ದೇ ಇರುತ್ತದೆ. ಉಪ್ಪು ಸೇರಿಸಿದರೆ ಪ್ರೋಟೀನುಗಳು ಹೊರಬೀಳುತ್ತವೆ ಎಂದು ಓದಿದವರು ಗ್ಲೈಸೀನೂ ಹಾಗೆಯೇ ಬೀಳುತ್ತದೆ ಎಂದು ನಿರೀಕ್ಷಿಸುವುದು ಸಹಜ, ಆದರೆ ಇಲ್ಲಿ ಆಗುವುದು ತಿರುಗುಮುರುಗು: ಸೋಡಿಯಂ ಕ್ಲೋರೈಡಿನ ಸಾನ್ನಿಧ್ಯದಲ್ಲಿ ಗ್ಲೈಸೀನ್ ಇನ್ನೂ ಸ್ವಲ್ಪ ಹೆಚ್ಚೇ ಕರಗುತ್ತದೆ. ಎರಡು ತುದಿಗಳಲ್ಲಿ ಎದುರುಬದುರು ಆವೇಶಗಳನ್ನು ಹೊತ್ತಿರುವ ಅಣುವಿಗೆ, ಸುತ್ತಲೂ ಅಯಾನುಗಳು ತುಂಬಿರುವ ನೀರು ಇನ್ನಷ್ಟು ಹಿತವಾದ ನೆಲೆ. ಆದ್ದರಿಂದ ನಿಜವಾಗಿ ಕೈಗೆ ಬರುವ ಹರಳು ಲೆಕ್ಕಕ್ಕಿಂತ ಕಡಿಮೆಯೇ ಇರುತ್ತದೆ. ಲೆಕ್ಕವು ದಿಕ್ಕನ್ನೂ ನೀರಿನ ಅಂದಾಜನ್ನೂ ಕೊಡುತ್ತದೆ. ಕೊನೆಯ ಗ್ರಾಂಗಳನ್ನು ತಕ್ಕಡಿಯೇ ಹೇಳಬೇಕು.

ಆಮ್ಲದ ಪ್ರಮಾಣದ ಬಗ್ಗೆಯೂ ಒಂದು ಮಾತು. ಗ್ಲೈಸೀನಿನ ಎರಡು ಪಿಕೆಎ ಬೆಲೆಗಳು, ಎಂದರೆ ಅದರ ಒಂದೊಂದು ತುದಿ ಅರ್ಧದಷ್ಟು ಅಣುಗಳಲ್ಲಿ ಪ್ರೋಟಾನನ್ನು ಬಿಟ್ಟುಕೊಟ್ಟಿರುವ ಪಿಎಚ್ ಬೆಲೆಗಳು, ಸುಮಾರು 2.3 ಮತ್ತು 9.6; ಇವೆರಡರ ನಡುಮಧ್ಯದ 6.0 ಅದರ ಸಮವಿದ್ಯುತ್ ಬಿಂದು, ಎಂದರೆ ಧನ ಋಣ ಆವೇಶಗಳು ಸರಿಸಮವಾಗುವ ಪಿಎಚ್. ಪಿಎಚ್ ಅನ್ನು ಕರಾರುವಾಕ್ಕಾಗಿ 6ಕ್ಕೆ ತರಬೇಕೆಂದು ಹನಿಹನಿಯಾಗಿ ಆಮ್ಲ ಹಾಕುತ್ತ ಬಹಳ ಹೊತ್ತು ಕಳೆಯುವ ಅಗತ್ಯವಿಲ್ಲ, ಏಕೆಂದರೆ ಎರಡು ಬೆಲೆಗಳ ನಡುವೆ ಇಷ್ಟು ದೊಡ್ಡ ಅಂತರವಿರುವಾಗ ಪಿಎಚ್ 4ರಿಂದ 8ರವರೆಗೂ ಶೇಕಡಾ 97ಕ್ಕಿಂತ ಹೆಚ್ಚು ಭಾಗ ಜ್ವಿಟ್ಟರ್ ಅಯಾನಾಗಿಯೇ ಇರುತ್ತದೆ. ಅದರಿಂದಾಚೆಗೆ ಹೋದರೆ ಮಾತ್ರ ನಷ್ಟ ಬೇಗ ಬೆಳೆಯುತ್ತದೆ. ಪಿಎಚ್ 3.3ಕ್ಕೆ ಇಳಿದರೆ ಸುಮಾರು ಹತ್ತನೆಯ ಒಂದು ಪಾಲು ಧನ ಅಯಾನಾಗಿ, 8.6ಕ್ಕೆ ಏರಿದರೆ ಅಷ್ಟೇ ಪಾಲು ಋಣ ಅಯಾನಾಗಿ ಬದಲಾಗಿ, ಎಷ್ಟು ತಣಿಸಿದರೂ ದ್ರಾವಣದಲ್ಲೇ ಉಳಿದುಬಿಡುತ್ತದೆ.

ಕೈಕೆಲಸದ ಗುಣ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸುವುದು ತಣಿಸುವ ಹಂತದಲ್ಲಿ. 170 ಗ್ರಾಂ ನೀರಿನಲ್ಲಿ 75 ಗ್ರಾಂ ಗ್ಲೈಸೀನ್ ಇರುವ ದ್ರಾವಣ ಶುದ್ಧ ನೀರಿನ ಲೆಕ್ಕದಲ್ಲಿ ಸುಮಾರು 58 ಡಿಗ್ರಿಯಲ್ಲಿ ಪರ್ಯಾಪ್ತವಾಗುತ್ತದೆ (ನೀರು ಹಿಡಿಯಬಲ್ಲಷ್ಟೂ ತುಂಬಿದ ಸ್ಥಿತಿ ಇದು), ಉಪ್ಪಿನ ಪ್ರಭಾವದಿಂದ ಇನ್ನೂ ಸ್ವಲ್ಪ ಕೆಳಗೆ. ಆದರೆ ಪರ್ಯಾಪ್ತವಾದ ಕ್ಷಣದಲ್ಲಿ ಹರಳು ಮೂಡಿಬಿಡುವುದಿಲ್ಲ. ಕಲಕದೆ ಬಿಟ್ಟ ಸ್ವಚ್ಛ ದ್ರಾವಣ ಇನ್ನೂ ಹಲವು ಡಿಗ್ರಿ ಕೆಳಗಿಳಿದರೂ ತಿಳಿಯಾಗಿಯೇ ನಿಂತಿದ್ದು, ಆಮೇಲೆ ಒಮ್ಮೆಗೇ ಹಾಲಿನಂತೆ ಬೆಳ್ಳಗಾಗಿ ಪುಡಿಯನ್ನು ಸುರಿಯುತ್ತದೆ. ಹಾಗೆ ಅವಸರದಲ್ಲಿ ಹುಟ್ಟಿದ ನುಣುಪಾದ ಪುಡಿ ಪರಸ್ಪರ ಅಂಟಿಕೊಂಡು ಗಂಟುಗಳಾಗಿ, ಉಪ್ಪಿನ ದ್ರಾವಣವನ್ನು ತನ್ನ ಸಂದುಗಳಲ್ಲೇ ಸೆರೆಹಿಡಿಯುತ್ತದೆ; ಹೊರಗಿನಿಂದ ಎಷ್ಟು ತೊಳೆದರೂ ಒಳಗಿನ ಉಪ್ಪು ಹೋಗುವುದಿಲ್ಲ. ಅದನ್ನು ತಪ್ಪಿಸಲು, ಉಷ್ಣತೆ ಪರ್ಯಾಪ್ತ ಬಿಂದುವಿಗಿಂತ ಎರಡು ಮೂರು ಡಿಗ್ರಿ ಕೆಳಗಿಳಿದಾಗ ಶುದ್ಧ ಗ್ಲೈಸೀನಿನ ಒಂದು ಚಿಟಿಕೆ ನಯವಾದ ಪುಡಿಯನ್ನು ಬೀಜವಾಗಿ ಹಾಕಬೇಕು. ಬೀಜ ಕರಗಿಹೋದರೆ ಇನ್ನೂ ಹೊತ್ತಾಗಿಲ್ಲ ಎಂದರ್ಥ. ಕರಗದೆ ತೇಲಾಡುತ್ತ ಮಿನುಗತೊಡಗಿದರೆ ಅಲ್ಲಿಂದ ಮುಂದೆ ಗಂಟೆಗೆ ಕೆಲವೇ ಡಿಗ್ರಿಗಳಂತೆ, ಮೆಲ್ಲಗೆ ಕಲಕುತ್ತ ಇಳಿಸಬೇಕು. ಆಗ ದೊರೆಯುವ ಹರಳುಗಳು ಕಣ್ಣಿಗೆ ಒಂದೊಂದಾಗಿ ಕಾಣುವಷ್ಟು ದಪ್ಪವಾಗಿ, ಮುಖಗಳು ತಿಳಿಯಾಗಿ, ಸೋಸುವಾಗ ನೀರು ಸರಾಗವಾಗಿ ಇಳಿದುಹೋಗುವಂತೆ ಇರುತ್ತವೆ.

ಬಿಸಿಯಲ್ಲಿ ಉಪ್ಪನ್ನು ಸೋಸುವುದಕ್ಕೆ ಬೇರೆಯದೇ ಎಚ್ಚರ ಬೇಕು. ಉಪ್ಪು ಬೀಳತೊಡಗಿದ ಮೇಲೆ ತಳದಲ್ಲಿ ಕೂತ ಪದರದ ಕೆಳಗೆ ಉಗಿ ಕಟ್ಟಿಕೊಂಡು ಪಾತ್ರೆ ಧಡಕ್ಕನೆ ಎಗರುತ್ತದೆ; ಕಲಕುವುದನ್ನು ಒಂದು ಗಳಿಗೆಯೂ ನಿಲ್ಲಿಸಬಾರದು. ಗಾಢವಾದ ದ್ರಾವಣವನ್ನು ಬಹಳ ಹೊತ್ತು ಕುದಿಸಿದರೆ ಗ್ಲೈಸೀನ್ ಅಣುಗಳು ಒಂದಕ್ಕೊಂದು ಜೋಡಿಸಿಕೊಂಡು ಡೈಕೀಟೋಪಿಪರಜೀನ್‌ನಂತಹ ಬೇಡದ ವಸ್ತುಗಳಾಗುವ ಸಾಧ್ಯತೆಯೂ ಇದೆ. ಆದ್ದರಿಂದ ಸೌಲಭ್ಯವಿರುವಲ್ಲಿ ಒತ್ತಡವನ್ನು ತಗ್ಗಿಸಿ 70 ಡಿಗ್ರಿಯ ಸುಮಾರಿನಲ್ಲಿ ನೀರನ್ನು ಕಳೆಯುವುದನ್ನೇ ನಾನು ಮೆಚ್ಚುತ್ತೇನೆ. ಅಲ್ಲಿಯೂ ಗ್ಲೈಸೀನ್ ಉಪ್ಪಿಗಿಂತ ಸಾಕಷ್ಟು ಮೇಲೆಯೇ ಇರುತ್ತದೆ. ಆಲಿಕೆಯನ್ನೂ ಕೆಳಗಿನ ಪಾತ್ರೆಯನ್ನೂ ಮೊದಲೇ ಬಿಸಿ ಮಾಡಿರಬೇಕು. ತಣ್ಣನೆಯ ಆಲಿಕೆಗೆ ಸುರಿದರೆ ಅದರ ರಂಧ್ರಗಳಲ್ಲೇ ಗ್ಲೈಸೀನ್ ಹರಳುಗಟ್ಟಿ ದಾರಿ ಮುಚ್ಚಿಕೊಳ್ಳುತ್ತದೆ, ಕಾಗದದ ಮೇಲೆ ಎರಡೂ ಮತ್ತೆ ಬೆರೆತುಹೋಗುತ್ತವೆ. ಎರಡು ಆಲಿಕೆಗಳಲ್ಲಿ ಉಳಿದದ್ದನ್ನು ಭೂತಗನ್ನಡಿಯಲ್ಲಿ ಅಕ್ಕಪಕ್ಕ ಇಟ್ಟು ನೋಡುವುದನ್ನು ಮಾತ್ರ ಯಾರೂ ತಪ್ಪಿಸಿಕೊಳ್ಳಬಾರದು. ಉಪ್ಪು ಚಿಕ್ಕಚಿಕ್ಕ ಘನಾಕೃತಿಗಳಾಗಿ, ಮೂಲೆಗಳು ನೇರವಾಗಿ, ಎಲ್ಲವೂ ಒಂದೇ ಅಚ್ಚಿನವು ಎಂಬಂತೆ ಕಾಣುತ್ತದೆ; ಗ್ಲೈಸೀನ್ ಉದ್ದುದ್ದನೆಯ, ತುದಿಗಳು ಓರೆಯಾಗಿ ಕೂಡುವ ಪಟ್ಟಕಗಳಾಗಿ ಬೆಳಕನ್ನು ಹಿಡಿಯುತ್ತದೆ. ಒಂದರ ನಡುವೆ ಇನ್ನೊಂದು ಬೆರೆತಿದ್ದರೆ ಅಲ್ಲೇ ಗೊತ್ತಾಗುತ್ತದೆ.

ತೊಳೆಯುವುದನ್ನು ಬಹುಮಂದಿ ಲಘುವಾಗಿ ಭಾವಿಸುತ್ತಾರೆ, ಆದರೆ ಶುದ್ಧತೆ ನಿರ್ಧಾರವಾಗುವುದು ಅಲ್ಲೇ. ಮೊದಲ ಸುತ್ತಿನ ತಾಯಿದ್ರಾವಣದಲ್ಲಿ ತೂಕದ ಶೇಕಡಾ 23ರಷ್ಟು ಉಪ್ಪಿದೆ. ಹೀರಿ ಬಸಿದ ಮೇಲೂ 51 ಗ್ರಾಂ ಹರಳಿಗೆ ಹತ್ತು ಗ್ರಾಂ ದ್ರಾವಣ ಅಂಟಿಕೊಂಡಿದೆ ಎಂದುಕೊಂಡರೆ, ಹರಳು ತನ್ನಷ್ಟಕ್ಕೆ ಎಷ್ಟೇ ಶುದ್ಧವಾಗಿದ್ದರೂ ಒಣಗಿದ ಮೇಲೆ ಅದರ ಮೈಮೇಲೆ 2.3 ಗ್ರಾಂ ಉಪ್ಪು ಕೂತಿರುತ್ತದೆ. ಇದನ್ನು ತಣ್ಣೀರಿನಿಂದ ತೊಳೆದರೆ ಉಪ್ಪಿನೊಡನೆ ಗ್ಲೈಸೀನೂ ಕರಗಿಹೋಗುತ್ತದೆ, ಸೊನ್ನೆ ಡಿಗ್ರಿಯ ನೀರೂ ನೂರು ಗ್ರಾಮಿಗೆ ಹದಿನಾಲ್ಕು ಗ್ರಾಮಿನಂತೆ ಕಸಿದುಕೊಳ್ಳುತ್ತದೆ. ಎಥನಾಲಿನಿಂದ ತೊಳೆದರೆ ಇನ್ನೂ ಕೆಟ್ಟದ್ದು: ಅಂಟಿಕೊಂಡ ದ್ರಾವಣದಲ್ಲಿರುವ ಉಪ್ಪು ಅಲ್ಲೇ, ಹರಳಿನ ಮೇಲೆಯೇ ಗಟ್ಟಿಯಾಗಿ ಕೂತುಬಿಡುತ್ತದೆ. ಇದಕ್ಕೆ ಹಳಬರು ಹೇಳಿಕೊಟ್ಟ ಉಪಾಯವೇ ಉತ್ತಮ. ಶುದ್ಧ ಗ್ಲೈಸೀನಿನ ಪರ್ಯಾಪ್ತ ದ್ರಾವಣವನ್ನು ಮುಂಚೆಯೇ ಮಾಡಿ ಹಿಮದಲ್ಲಿಟ್ಟಿದ್ದು, ಅದನ್ನೇ ಸ್ವಲ್ಪಸ್ವಲ್ಪವಾಗಿ ಸುರಿದು ತೊಳೆಯಬೇಕು. ಅದು ಆಗಲೇ ಗ್ಲೈಸೀನಿನಿಂದ ತುಂಬಿರುವುದರಿಂದ ಹರಳನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತದೆ, ಉಪ್ಪಿನ ದ್ರಾವಣವನ್ನು ಮಾತ್ರ ತಳ್ಳಿಕೊಂಡು ಹೋಗುತ್ತದೆ. ಉಪ್ಪೆಲ್ಲ ಹೋದ ಮೇಲೆ, ಕೊನೆಯಲ್ಲಿ ಮಾತ್ರ, ಬೇಗ ಒಣಗಲೆಂದು ಎಥನಾಲನ್ನು ಬಳಸಬಹುದು. ಹಾಗೆಯೇ ಬಿಸಿಯಲ್ಲಿ ಸೋಸಿದ ಉಪ್ಪನ್ನು ಬಿಸಿಯಾದ ಪರ್ಯಾಪ್ತ ಉಪ್ಪುನೀರಿನಿಂದ ತೊಳೆದು, ಆ ತೊಳೆನೀರನ್ನು ತಾಯಿದ್ರಾವಣಕ್ಕೇ ಸೇರಿಸಿದರೆ ಅದಕ್ಕೆ ಅಂಟಿದ್ದ ಗ್ಲೈಸೀನ್ ವ್ಯರ್ಥವಾಗುವುದಿಲ್ಲ.

ತೊಳೆಯದೆ ಮತ್ತೊಮ್ಮೆ ಹರಳುಗಟ್ಟಿಸಿದರೂ ಫಲ ಎಷ್ಟೆಂಬುದನ್ನು ಲೆಕ್ಕ ಹಾಕಬಹುದು. ಆ 51 ಗ್ರಾಮನ್ನು ಅದರ ಮೇಲಿನ 2.3 ಗ್ರಾಂ ಉಪ್ಪಿನ ಸಹಿತ 80 ಗ್ರಾಂ ಕುದಿನೀರಿನಲ್ಲಿ ಕರಗಿಸಿ ಸೊನ್ನೆಗೆ ತಣಿಸಿದರೆ ಸುಮಾರು 40 ಗ್ರಾಂ ಹರಳು ಬರುತ್ತದೆ. ಈಗ ತಾಯಿದ್ರಾವಣದಲ್ಲಿ ಉಪ್ಪು ಶೇಕಡಾ 2.5ರಷ್ಟು ಮಾತ್ರ ಇರುವುದರಿಂದ, ಹತ್ತು ಗ್ರಾಂ ಅಂಟಿಕೊಂಡರೂ ಉಳಿಯುವ ಉಪ್ಪು ಕಾಲು ಗ್ರಾಂ. ಒಂದೇ ಸುತ್ತಿನಲ್ಲಿ ಒಂಬತ್ತು ಪಟ್ಟು ಇಳಿಕೆ. ಉಳಿದ 11 ಗ್ರಾಂ ಗ್ಲೈಸೀನ್ ಕಳೆದುಹೋಯಿತೆಂದು ಚಿಂತಿಸಬೇಕಾಗಿಲ್ಲ. ಆ ದ್ರಾವಣವನ್ನು ಮುಂದಿನ ಸಲದ ಮೊದಲ ಹಂತಕ್ಕೆ ನೀರಿನ ಬದಲಾಗಿ ಬಳಸಬಹುದು.

ಶುದ್ಧತೆಯನ್ನು ಪರೀಕ್ಷಿಸಲು ದುಬಾರಿ ಉಪಕರಣಗಳೇನೂ ಬೇಡ. ಒಂದಿಷ್ಟು ಹರಳನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ನೈಟ್ರಿಕ್ ಆಮ್ಲದ ಕೆಲವು ಹನಿ ಹಾಕಿ, ಬೆಳ್ಳಿಯ ನೈಟ್ರೇಟ್ ದ್ರಾವಣ ಸೇರಿಸಿದರೆ ಕ್ಲೋರೈಡ್ ಇದ್ದಷ್ಟಕ್ಕೆ ಬಿಳಿಯ ಮಬ್ಬು ಕವಿಯುತ್ತದೆ. ನಲ್ಲಿಯ ನೀರಿನಲ್ಲೂ ಕೊಳವೆಬಾವಿಯ ನೀರಿನಲ್ಲೂ ಕ್ಲೋರೈಡ್ ಇರುವುದರಿಂದ ಅವನ್ನು ಬಳಸಿದರೆ ಪರೀಕ್ಷೆಗೆ ಅರ್ಥವಿರುವುದಿಲ್ಲ. ಇನ್ನೊಂದು ದಾರಿ ಸುಡುವುದು. ಪಿಂಗಾಣಿ ಮೂಸೆಯಲ್ಲಿ ಕಾಯಿಸಿದರೆ ಶುದ್ಧ ಗ್ಲೈಸೀನ್ ಕಂದಾಗಿ, ನೊರೆಯುಕ್ಕಿ, ಕರಕಾಗಿ, ಕೊನೆಗೆ ಪೂರ್ತಿ ಉರಿದು ಮೂಸೆಯನ್ನು ಬರಿದು ಮಾಡುತ್ತದೆ. 801 ಡಿಗ್ರಿಯವರೆಗೂ ಕರಗದ ಉಪ್ಪು ಇದ್ದಿದ್ದೇ ಆದರೆ ಬೆಳ್ಳಗೆ ತಳದಲ್ಲಿ ಉಳಿಯುತ್ತದೆ. ಹೊರಹಾಕಿದ ಉಪ್ಪಿನಲ್ಲಿ ಗ್ಲೈಸೀನ್ ಸೇರಿಹೋಗಿದೆಯೇ ಎಂದು ತಿಳಿಯಲು ನಿನ್‌ಹೈಡ್ರಿನ್ ಹಾಕಿ ಬಿಸಿ ಮಾಡಿ ನೇರಳೆ ಬಣ್ಣವನ್ನು ನೋಡಿದರಾಯಿತು. ಅಮೈನೋ ಆಮ್ಲಗಳೊಡನೆ ಬರುವ ಈ ಬಣ್ಣವನ್ನು ರಸಾಯನಶಾಸ್ತ್ರಜ್ಞ ರೂಹೆಮನ್ 1910ರಲ್ಲಿ ಕಂಡುಹಿಡಿದ.

ಉಪ್ಪಿನ ದ್ರಾವಣದಿಂದ ತೆಗೆದ ಗ್ಲೈಸೀನಿನಲ್ಲಿ ನನಗೆ ಬಹಳ ಇಷ್ಟವಾದ ಇನ್ನೊಂದು ಸೂಕ್ಷ್ಮವಿದೆ. ಗ್ಲೈಸೀನ್ ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಬಗೆಯ ಹರಳುಗಳಾಗಬಲ್ಲದು. ಶುದ್ಧ ನೀರಿನಿಂದ ಸಾಮಾನ್ಯವಾಗಿ ಬರುವುದು ಆಲ್ಫಾ. ಅದರ ರಚನೆಯನ್ನು ಆಲ್ಬ್ರೆಕ್ಟ್ ಮತ್ತು ಕೋರಿ 1939ರಲ್ಲಿ ಎಕ್ಸ್-ಕಿರಣಗಳಿಂದ ಬಿಡಿಸಿದರು. ಕೊಠಡಿಯ ಉಷ್ಣತೆಯಲ್ಲಿ ಹೆಚ್ಚು ಸ್ಥಿರವಾದದ್ದು ಮಾತ್ರ ಗಾಮಾ, ಅದನ್ನು ಜಪಾನಿನ ಈಟಾಕಾ 1950ರ ದಶಕದಲ್ಲಿ ವರ್ಣಿಸಿದರು. ಸೋಡಿಯಂ ಕ್ಲೋರೈಡ್ ಧಾರಾಳವಾಗಿರುವ ದ್ರಾವಣದಲ್ಲಿ ಈ ಗಾಮಾ ಮೂಡುವ ಸಂಭವ ಹೆಚ್ಚು. ಆಲ್ಫಾ ಹರಳಿಗೆ ಸಮ್ಮಿತಿಯ ಕೇಂದ್ರವಿದೆ, ಗಾಮಾಕ್ಕೆ ಇಲ್ಲ; ಆದ್ದರಿಂದ ಗಾಮಾ ಹರಳನ್ನು ಒತ್ತಿದರೆ ಅದರಲ್ಲಿ ವಿದ್ಯುತ್ ಆವೇಶ ಹುಟ್ಟುತ್ತದೆ. ನಾವು ಕಲ್ಮಶವೆಂದು ಹೊರಹಾಕಲು ಹೆಣಗುತ್ತಿರುವ ಉಪ್ಪು, ಹೊರಗೆ ನಿಂತುಕೊಂಡೇ ಹರಳಿನೊಳಗಿನ ಅಣುಗಳ ಜೋಡಣೆಯನ್ನು ಬದಲಿಸುತ್ತಿದೆ ಎಂಬ ಸಂಗತಿ ಪ್ರತಿ ಸಲ ನೆನೆದಾಗಲೂ ನನ್ನನ್ನು ಬೆರಗುಗೊಳಿಸುತ್ತದೆ. ಎರಡನೆಯ ಸುತ್ತಿನ, ಉಪ್ಪು ಹೆಚ್ಚಿರುವ ದ್ರಾವಣದಿಂದ ಬಂದ ಹರಳುಗಳ ಆಕಾರ ಮೊದಲ ಸುತ್ತಿನವುಗಳಿಗಿಂತ ಬೇರೆಯಾಗಿ ಕಂಡರೆ ಅದನ್ನು ಅಶುದ್ಧಿಯೆಂದು ಕೂಡಲೇ ತೀರ್ಮಾನಿಸಬಾರದು.

ಇದೇ ಉಪಾಯ ಎಲ್ಲ ಲವಣಗಳಿಗೂ ನಡೆಯುವುದಿಲ್ಲ. ಮಾನೋಕ್ಲೋರೋಅಸೆಟಿಕ್ ಆಮ್ಲವನ್ನು ಅಮೋನಿಯಾದೊಡನೆ ವರ್ತಿಸಿ ಗ್ಲೈಸೀನ್ ಮಾಡಿದರೆ ಜೊತೆಗೆ ಬರುವುದು ಅಮೋನಿಯಂ ಕ್ಲೋರೈಡ್. ಅದರ ವಿಲೀನತೆ ಸೊನ್ನೆ ಡಿಗ್ರಿಯ 29 ಗ್ರಾಮಿನಿಂದ 100 ಡಿಗ್ರಿಯ 77 ಗ್ರಾಮಿಗೆ ಏರುತ್ತದೆ, ಎಂದರೆ ಗ್ಲೈಸೀನಿನ ಗೆರೆಯ ಜೊತೆಜೊತೆಗೇ ಮೇಲೆ ಸಾಗುತ್ತದೆ. ಗೆರೆಗಳು ಒಂದನ್ನೊಂದು ದಾಟದಿದ್ದರೆ ಉಷ್ಣತೆಯನ್ನು ಏರಿಳಿಸಿ ಸಾಧಿಸುವುದೇನೂ ಇಲ್ಲ. ಅಲ್ಲಿ ಮೆಥನಾಲ್ ಸೇರಿಸುವ ಪದ್ಧತಿ ಬಳಕೆಯಲ್ಲಿದೆ, ಏಕೆಂದರೆ ಅಮೋನಿಯಂ ಕ್ಲೋರೈಡ್ ಮೆಥನಾಲ್ ಬೆರೆತ ನೀರಿನಲ್ಲಿ ಉಳಿಯುತ್ತದೆ, ಗ್ಲೈಸೀನ್ ಉಳಿಯುವುದಿಲ್ಲ. ಹೈಡ್ರೋಕ್ಲೋರಿಕ್ ಬದಲು ಗಂಧಕಾಮ್ಲದಿಂದ ತಟಸ್ಥಗೊಳಿಸಿದರೆ ಬರುವ ಸೋಡಿಯಂ ಸಲ್ಫೇಟ್ ಇದಕ್ಕೆ ವಿರುದ್ಧವಾದ, ಬಹಳ ಅನುಕೂಲದ ಸಂಗಾತಿ. 32.4 ಡಿಗ್ರಿಯವರೆಗೆ ಅದರ ವಿಲೀನತೆ ಕಡಿದಾಗಿ ಏರಿ ಸುಮಾರು 50 ಗ್ರಾಂ ತಲುಪುತ್ತದೆ, ಅಲ್ಲಿಂದ ಮುಂದೆ ಬಿಸಿ ಹೆಚ್ಚಿದಂತೆ ಇಳಿಯುತ್ತ 100 ಡಿಗ್ರಿಯಲ್ಲಿ 42 ಗ್ರಾಮಿನ ಸುಮಾರಿಗೆ ಬರುತ್ತದೆ. ಕುದಿಯಲ್ಲಿ ಸಲ್ಫೇಟನ್ನು ಸೋಸಿ ತಣಿಸತೊಡಗಿದರೆ, ಗ್ಲೈಸೀನಿಗೆ ಜಾಗ ಕಡಿಮೆಯಾಗುತ್ತ ಹೋದಂತೆ ಸಲ್ಫೇಟಿಗೆ ಜಾಗ ಹೆಚ್ಚುತ್ತ ಹೋಗುತ್ತದೆ. ನೀರನ್ನು ಮರಳಿ ಸೇರಿಸುವ ಅಗತ್ಯವೂ ಬೀಳುವುದಿಲ್ಲ. ಆದರೆ 35 ಡಿಗ್ರಿಗಿಂತ ಕೆಳಗೆ ಹೋಗದೆ ಅಲ್ಲೇ ನಿಲ್ಲಿಸಿ ಸೋಸಬೇಕು. 32.4ರ ಕೆಳಗೆ ಸಲ್ಫೇಟು ಹತ್ತು ಅಣು ನೀರನ್ನು ತನ್ನೊಳಗೆ ಕಟ್ಟಿಕೊಂಡ ಗ್ಲಾಬರ್ ಲವಣವಾಗಿ ರಾಶಿರಾಶಿಯಾಗಿ ಬೀಳುತ್ತದೆ.

ಲವಣವನ್ನು ಮೊದಲೇ ಆರಿಸಿಕೊಳ್ಳುವ ಈ ಜಾಣ್ಮೆ ಗ್ಲೈಸೀನಿನ ಚರಿತ್ರೆಯಷ್ಟೇ ಹಳೆಯದು. 1820ರಲ್ಲಿ ಫ್ರಾನ್ಸಿನ ಆನ್ರಿ ಬ್ರಾಕೊನೊ ಅಂಟನ್ನು (ಜೆಲಟಿನ್) ಗಂಧಕಾಮ್ಲದೊಡನೆ ಕುದಿಸಿ, ಉಳಿದ ಆಮ್ಲವನ್ನು ಸೀಮೆಸುಣ್ಣದಿಂದ ತಟಸ್ಥಗೊಳಿಸಿದ. ಆಗ ಹುಟ್ಟಿದ ಕ್ಯಾಲ್ಸಿಯಂ ಸಲ್ಫೇಟ್ ನೂರು ಗ್ರಾಂ ನೀರಿನಲ್ಲಿ ಕಾಲು ಗ್ರಾಮಿನಷ್ಟೂ ಕರಗದ ಲವಣ. ಸೋಸಿದೊಡನೆ ಅದು ಬಹುತೇಕ ಹೊರಟುಹೋಯಿತು. ತಿಳಿಯಾದ ದ್ರಾವಣವನ್ನು ಪಾಕದಂತೆ ಇಂಗಿಸಿಟ್ಟಾಗ ಸಿಹಿಯಾದ ಹರಳುಗಳು ಮೂಡಿದವು. ಅವನು ಅದನ್ನು ಒಂದು ಬಗೆಯ ಸಕ್ಕರೆಯೆಂದೇ ತಿಳಿದಿದ್ದ.

ಬೇರೆ ಅಮೈನೋ ಆಮ್ಲಗಳ ವಿಷಯದಲ್ಲಿ ಕೆಲಸ ಕೆಲವೊಮ್ಮೆ ಸುಲಭ, ಕೆಲವೊಮ್ಮೆ ಅಸಾಧ್ಯ. ಗ್ಲುಟಾಮಿಕ್ ಆಮ್ಲ ಕೊಠಡಿಯ ಉಷ್ಣತೆಯಲ್ಲಿ ಲೀಟರಿಗೆ ಒಂಬತ್ತು ಗ್ರಾಮಿನ ಒಳಗೇ ಕರಗುವುದರಿಂದ ಪಿಎಚ್ 3.2ಕ್ಕೆ ತಂದರೆ ಸಾಕು, ಉಪ್ಪನ್ನು ನೀರಿನಲ್ಲೇ ಬಿಟ್ಟು ತಾನು ಹೊರಬರುತ್ತದೆ. ಟೈರೊಸೀನ್, ಸಿಸ್ಟೀನ್‌ನ ಜೋಡಿಯಾದ ಸಿಸ್ಟಿನ್‌ಗಳನ್ನು ಉಪ್ಪಿನಿಂದ ಬಿಡಿಸಲು ಬರೀ ನೀರಿನಿಂದ ತೊಳೆದರೂ ನಡೆಯುತ್ತದೆ. ಪ್ರೋಲೀನ್ ಮಾತ್ರ ನೂರು ಗ್ರಾಂ ನೀರಿನಲ್ಲಿ 160 ಗ್ರಾಮಿಗೂ ಹೆಚ್ಚು ಕರಗುವುದರಿಂದ ಈ ದಾರಿಗೆ ಒಗ್ಗುವುದೇ ಇಲ್ಲ. ಆದರೆ ಅದು ಎಥನಾಲಿನಲ್ಲಿ ಕರಗುತ್ತದಾದ್ದರಿಂದ ಒಣಗಿಸಿದ ಮಿಶ್ರಣದಿಂದ ಎಥನಾಲ್ ಬಳಸಿ ಎಳೆದುಕೊಳ್ಳಬಹುದು.

ಗ್ಲೈಸೀನಿಗೆ ಮರಳಿದರೆ, ಬಿಸಿ ಮತ್ತು ತಂಪಿನ ಸುತ್ತುಗಳನ್ನು ಎಷ್ಟು ಸಲ ಬೇಕಾದರೂ ಮುಂದುವರಿಸಬಹುದು, ಆದರೆ ಪ್ರತಿ ಸುತ್ತಿನಲ್ಲೂ ಕ್ರಿಯೆಯಲ್ಲಿ ಹುಟ್ಟಿದ ಬಣ್ಣದ ವಸ್ತುಗಳೂ ಇತರ ಉಪ ಉತ್ಪನ್ನಗಳೂ ಕುಗ್ಗುತ್ತಿರುವ ತಾಯಿದ್ರಾವಣದಲ್ಲಿ ಒತ್ತೊತ್ತಾಗಿ ಸೇರಿಕೊಳ್ಳುತ್ತವೆ. ದ್ರಾವಣ ಚಹದ ಬಣ್ಣಕ್ಕೆ ತಿರುಗಿ ಜಿಗುಟಾದಾಗ ಹರಳುಗಟ್ಟಿಸುವುದನ್ನು ನಿಲ್ಲಿಸಬೇಕೆಂಬುದು ನನ್ನ ರೂಢಿ. ಆ ಕೊನೆಯ ಪಾಲನ್ನು ನೀರಿನಿಂದ ತೆಳುವಾಗಿಸಿ, ಆಮ್ಲೀಕರಿಸಿ, ಹೈಡ್ರೋಜನ್ ರೂಪದಲ್ಲಿರುವ ಪ್ರಬಲ ಧನ ಅಯಾನು ವಿನಿಮಯ ರಾಳದ (ತನ್ನ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಟ್ಟು ಬೇರೆ ಧನ ಅಯಾನುಗಳನ್ನು ಹಿಡಿದುಕೊಳ್ಳುವ ವಸ್ತು) ಮೂಲಕ ಹಾಯಿಸಿದರೆ ಕ್ಲೋರೈಡ್ ಆಮ್ಲವಾಗಿ ಹರಿದುಹೋಗುತ್ತದೆ, ಸೋಡಿಯಂ ಮತ್ತು ಗ್ಲೈಸೀನ್ ರಾಳಕ್ಕೆ ಅಂಟಿಕೊಳ್ಳುತ್ತವೆ. ಆಮೇಲೆ ತೆಳುವಾದ ಅಮೋನಿಯಾ ದ್ರಾವಣ ಹರಿಸಿದರೆ ಗ್ಲೈಸೀನ್ ತನ್ನ ಧನ ಆವೇಶವನ್ನು ಕಳೆದುಕೊಂಡು ಕಳಚಿಕೊಳ್ಳುತ್ತದೆ, ಸೋಡಿಯಂ ಅಲ್ಲೇ ಉಳಿಯುತ್ತದೆ. ಅಮೋನಿಯಾ ಕಾಯಿಸಿದೊಡನೆ ಹಾರಿಹೋಗುವುದರಿಂದ ಹಿಂದೆ ಮತ್ತೊಂದು ಲವಣವನ್ನು ಉಳಿಸುವುದಿಲ್ಲ. ಇಡೀ ಮಿಶ್ರಣವನ್ನೇ ಮೊದಲಿನಿಂದ ರಾಳಕ್ಕೆ ಹಾಕಿದರಾಗದೇ ಎಂದರೆ, ಮೋಲಿಗೆ ಮೋಲಿನಷ್ಟು ಉಪ್ಪಿರುವಾಗ ರಾಳದ ಅರ್ಧ ಶಕ್ತಿ ಸೋಡಿಯಮ್ಮಿಗೇ ಖರ್ಚಾಗಿ ಅದನ್ನು ಮತ್ತೆ ಮತ್ತೆ ಆಮ್ಲದಿಂದ ಚೇತರಿಸಬೇಕಾಗುತ್ತದೆ. ಹತ್ತರಲ್ಲಿ ಎಂಟು ಒಂಬತ್ತು ಪಾಲನ್ನು ಬರೀ ನೀರು ಮತ್ತು ಉಷ್ಣತೆಯಿಂದ ತೆಗೆದು, ಉಳಿದಷ್ಟಕ್ಕೆ ಮಾತ್ರ ರಾಳವನ್ನು ಬಳಸುವುದೇ ಸರಿಯಾದ ಕ್ರಮ.